ಗೇಟಿಲ್ಲದ ಆಟಕ್ಕೆ ಕಾವಲು ನಿಂತ ಮಾವ

ನಮ್ಮ ಮಾವನಷ್ಟು ಪ್ರಾಮಾಣಿಕ ಮನುಷ್ಯ ಈ ಭೂಮಿಯ ಮೇಲೆ ಇನ್ನೊಬ್ಬನಿಲ್ಲ. ಇದು ನನ್ನ ಅಭಿಪ್ರಾಯ ಅಂದುಕೊಳ್ಳಬೇಡಿ! ಆಂಡರ್ಸನ್‌ಪೇಟೆಯಿಂದ ಮಾರಿಕುಪ್ಪಂವರೆಗೆ ಅವನೇ ಸಾರಿಕೊಂಡು ತಿರುಗುವ ಸಂಗತಿ. ನನ್ನನ್ನು ಕೇಳಿದರೆ, ಪ್ರಾಮಾಣಿಕತೆ ಅನ್ನುವುದು ಒಂದು ಮಟ್ಟ ದಾಟಿದ ಮೇಲೆ ಕಾಯಿಲೆಯೇ. ಆ ಕಾಯಿಲೆ ಬಂದವರು ಆರಾಮಾಗಿರುತ್ತಾರೆ, ಮನೆಯವರು ಅನುಭವಿಸಬೇಕು.

ನಂಬಿಕೆ ಬರದಿದ್ದರೆ ಅವನನ್ನು ಒಂದು ಸಲ ನಿಮ್ಮ ಮನೆಗೆ ಕಾಫಿಗೆ ಕರೆಯಿರಿ. ಬರುತ್ತಾನೆ, ಕಾಫಿ ಕುಡಿಯುತ್ತಾನೆ, ನಿಮ್ಮ ಮಕ್ಕಳ ಓದು ವಿಚಾರಿಸುತ್ತಾನೆ. ಹೊರಡುವಾಗ ಮಾತ್ರ ಬಾಗಿಲಲ್ಲಿ ನಿಂತು, ಶರ್ಟಿನ ಜೇಬು, ಪ್ಯಾಂಟಿನ ಜೇಬು ಎಲ್ಲವನ್ನೂ ಒಳಗಿನ ಬಟ್ಟೆ ಹೊರಗೆ ಬರುವ ಹಾಗೆ ಎಳೆದು ತೋರಿಸುತ್ತಾನೆ. "ನೋಡ್ಕಳಿ, ನಿಮ್ ಮನೇದು ಒಂದು ಕಡ್ಡೀನೂ ನನ್ತಾವ ಇಲ್ಲ" ಅನ್ನುತ್ತಾನೆ. ನೀವು "ಅಯ್ಯೋ, ಇದೆಲ್ಲ ಯಾಕೆ?" ಅಂದರೆ ಮುಗಿಯಿತು, ನೀವು ಸರಿಯಾಗಿ ನೋಡಲಿಲ್ಲ ಅಂತ ಇನ್ನೊಂದು ಸಲ ತೋರಿಸುತ್ತಾನೆ.

ಅವನಿಗೆ ಮದುವೆ ಆಗದೇ ಇರುವುದಕ್ಕೂ ಇದೇ ಕಾರಣ. ಬೇತಮಂಗಲದ ಕಡೆ ಒಂದು ಹೆಣ್ಣು ನೋಡಲು ಹೋಗಿದ್ದರಂತೆ. ಹುಡುಗಿ ಒಪ್ಪಿದಳು, ಹುಡುಗಿಯ ಅಪ್ಪ ಒಪ್ಪಿದರು, ಉಪ್ಪಿಟ್ಟು ಕೇಸರಿಬಾತು ಎಲ್ಲ ಆಯಿತು. ಹೊರಡುವಾಗ ನಮ್ಮ ಮಾವ ಅಂಗಳದ ನಡುವೆ ನಿಂತು ಜೇಬು ಹೊರಗೆಳೆದ. ಜೊತೆಗೆ ಹೋಗಿದ್ದ ನೆಂಟರಿಗೂ "ನೀವೂ ತೋರ್ಸಿ" ಅಂದ. ಹುಡುಗಿಯ ಅಪ್ಪ ಮೆಲ್ಲಗೆ ನಮ್ಮಜ್ಜಿಯ ಪಕ್ಕಕ್ಕೆ ಬಂದು, "ಉಡುಗನಿಗೆ ಇದು ಉಟ್ದಾಗಿನಿಂದಾನಾ, ಇಲ್ಲ ಮಧ್ಯೆ ಬಂದಿದ್ದಾ?" ಅಂತ ಕೇಳಿದರಂತೆ.

ಮಧ್ಯೆ ಬಂದಿದ್ದೇ. ಚಿನ್ನದ ಗಣಿ ಇನ್ನೂ ನಡೆಯುತ್ತಿದ್ದ ಕಾಲದಲ್ಲಿ ಅವನು ಅಲ್ಲಿ ಕಾವಲಿನ ಕೆಲಸದಲ್ಲಿದ್ದ. ಶಿಫ್ಟು ಮುಗಿಸಿ ಪಾತಾಳದಿಂದ ಮೇಲೆ ಬಂದ ಕಾರ್ಮಿಕರು ಗೇಟಿನ ಹತ್ತಿರ ಸಾಲಾಗಿ ನಿಲ್ಲಬೇಕು. ಇವನು ಒಂದು ಕೈ ಎತ್ತಿ ತಡೆಯಬೇಕು. ತಡೆದ ಕೂಡಲೇ ಬಂದವನು ಎರಡೂ ಕೈ ಮೇಲೆತ್ತಿ ನಿಧಾನಕ್ಕೆ ಒಂದು ಸುತ್ತು ತಿರುಗಬೇಕು. ಇವನು ತಲೆಗೂದಲಿನಿಂದ ಹಿಡಿದು ಊಟದ ಡಬ್ಬಿಯವರೆಗೆ ತಡವಿ, ಏನೂ ಸಿಗದಿದ್ದರೆ "ಓಗು" ಅನ್ನಬೇಕು. ಊರಿನ ಗಂಡಸರ ಬಗಲುಗಳ ಬಗ್ಗೆ ನಮ್ಮ ಮಾವನಿಗಿದ್ದ ತಿಳಿವಳಿಕೆ ಅವರವರ ಹೆಂಡತಿಯರಿಗೂ ಇರಲಿಲ್ಲ!

ಆ ಸಾಲಿನಲ್ಲಿ ದಿನಾ ನಿಲ್ಲುತ್ತಿದ್ದವರಲ್ಲಿ ಒಬ್ಬ ನಮ್ಮಪ್ಪ. ಅಂದರೆ ಮಾವನ ಸ್ವಂತ ಅಕ್ಕನ ಗಂಡ. ಒಂದು ದಿನ ಅಪ್ಪನ ಡಬ್ಬಿಯ ಮುಚ್ಚಳದಲ್ಲಿ, ಉಳಿದಿದ್ದ ಮುದ್ದೆಯ ಅಡಿ, ಹುಣಸೆಬೀಜದಷ್ಟು ಒಂದು ಮಿರುಗುವ ಕಲ್ಲು ಸಿಕ್ಕಿತು. ಮಾವ ಏನು ಮಾಡಬೇಕಿತ್ತು ಹೇಳಿ? ಕಣ್ಣು ಮುಚ್ಚಿಕೊಂಡು "ಓಗು" ಅಂದಿದ್ದರೆ ಭೂಮಿ ಬಾಯಿ ಬಿಡುತ್ತಿತ್ತೇ? ಇಡೀ ಸಾಲಿಗೆ ಕೇಳುವ ಹಾಗೆ "ಕಲ್ಲು! ಕಲ್ಲು!" ಅಂತ ಕೂಗಿದ. ಅಪ್ಪನನ್ನು ಕೆಲಸದಿಂದ ತೆಗೆದರು. ಗಣಿಯವರು ಕೊಟ್ಟಿದ್ದ ಲೈನ್‌ಮನೆ ಖಾಲಿ ಮಾಡಿಸಿದರು. ನಾವು ಪಾತ್ರೆಪಗಡೆ ಕಟ್ಟಿಕೊಂಡು ಬಂಗಾರಪೇಟೆಗೆ ಬಂದೆವು. ಅಪ್ಪ ಅಕ್ಕಿ ಮಂಡಿಯಲ್ಲಿ ಮೂಟೆ ಹೊತ್ತ. ನಾನು ಶಾಲೆಯಲ್ಲಿ 'ಕಲ್ಲುಕಳ್ಳನ ಮಗಳು' ಅನ್ನಿಸಿಕೊಂಡು ಓದಿದೆ.

ಆ ಕಲ್ಲು ಯಾರೋ ತನ್ನ ಡಬ್ಬಿಗೆ ಹಾಕಿದ್ದು ಅಂತ ಅಪ್ಪ ಅವತ್ತಿನಿಂದ ಹೇಳಿಕೊಂಡು ಬಂದ. ನಾವು ನಂಬಿದೆವು. ನಂಬದೆ ಏನು ಮಾಡುವುದು, ಅವನು ನಮ್ಮಪ್ಪ. ಹುಡುಗರ ಜೊತೆ ಕಿತ್ತಾಡಿ, ಕೂದಲು ಕೀಳಿಸಿಕೊಂಡು, "ನಮ್ಮಪ್ಪ ಕದ್ದಿಲ್ಲ" ಅಂತ ಕೂಗಿ ಕೂಗಿ ನನ್ನ ಗಂಟಲೇ ಈಗಿನ ಹಾಗೆ ಗೊಗ್ಗರಾಯಿತು. ಕೆಲವು ವರ್ಷಕ್ಕೆ ಗಣಿಯೇ ಮುಚ್ಚಿಹೋಯಿತು. ಕದಿಯುವವರೂ ಇಲ್ಲ, ಹಿಡಿಯುವವರೂ ಇಲ್ಲ. ಆದರೆ ಅಪ್ಪ ಮತ್ತು ಮಾವನ ನಡುವೆ ಮುಚ್ಚಿದ ಬಾಯಿ ಮಾತ್ರ ಮುಚ್ಚಿಯೇ ಇತ್ತು.

ಇದರಲ್ಲಿ ನಿಜವಾಗಿ ನರಳಿದವಳು ನಮ್ಮಮ್ಮ. ಒಂದು ಕಡೆ ಗಂಡ, ಒಂದು ಕಡೆ ಇರುವ ಒಬ್ಬನೇ ತಮ್ಮ. ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬರಬೇಕಲ್ಲ, ತಮ್ಮ ತಂದುಕೊಡುವ ಹಾಗಿಲ್ಲ. ಮಾವ ಮೊರ, ಸೀರೆ, ಬಳೆ ಎಲ್ಲ ಜೋಡಿಸಿ ನನ್ನ ಕೈಗೆ ಕೊಡುತ್ತಾನೆ. ನಾನು ಅದನ್ನು ಮಾರಿಕುಪ್ಪಂ ರೈಲಿನಲ್ಲಿ ಕಳ್ಳಮಾಲು ಸಾಗಿಸುವವಳ ಹಾಗೆ ಬಂಗಾರಪೇಟೆಗೆ ಮುಟ್ಟಿಸುತ್ತೇನೆ. ಪ್ರತಿ ವರ್ಷ ಅಮ್ಮ ಆ ಸೀರೆ ಮಡಿಲಲ್ಲಿಟ್ಟುಕೊಂಡು ಒಂದೇ ಮಾತು ಹೇಳುತ್ತಾಳೆ: "ನಾನ್ ಸಾಯೋದ್ರೊಳಗೆ ನನ್ ತಮ್ಮ ಒಂದ್ಸಲ ನನ್ ಮನೆ ಬಾಗ್ಲಿಗ್ ಬಂದ್ರೆ ಸಾಕು ಕಣೇ. ಬ್ಯಾರೆ ಏನೂ ಬ್ಯಾಡ." ಅಪ್ಪ ಪಕ್ಕದ ಕೋಣೆಯಲ್ಲಿ ಬೇಕೆಂದೇ ಜೋರಾಗಿ ಕೆಮ್ಮುತ್ತಾನೆ.

ನನ್ನ ಮದುವೆಯಲ್ಲಿ ನಡೆದದ್ದು ಕೇಳಿದರೆ ನಗುತ್ತೀರಿ. ನನಗೆ ಇವತ್ತಿಗೂ ನಗು ಬರುವುದಿಲ್ಲ. ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ಅಪ್ಪ "ಅವನು ಒಳಕ್ ಕಾಲಿಟ್ರೆ ನಾನು ಆಚೆಗ್ ಓಗ್ತೀನಿ" ಅಂದ. ಕೊನೆಗೆ ಯಾರೋ ದೂರದ ನೆಂಟನೊಬ್ಬ ನನ್ನ ಕೈ ಹಿಡಿದುಕೊಂಡು ಹೋದ. ಮಾವ ಬಂದಿದ್ದ, ಹೊಸ ಪಂಚೆ ಉಟ್ಟುಕೊಂಡು, ಒಳಗೆ ಬಿಡಲಿಲ್ಲ. ಛತ್ರದ ಗೇಟಿನ ಹತ್ತಿರವೇ ನಿಂತ. ಗೇಟು ಸಿಕ್ಕಿದರೆ ಅವನು ಸುಮ್ಮನಿರುತ್ತಾನೆಯೇ! ಹೊರಗೆ ಹೋಗುವವರನ್ನೆಲ್ಲ ಕೈ ಎತ್ತಿ ತಡೆಯಲು ಶುರು ಮಾಡಿದ. ಗಂಡಿನ ಕಡೆಯವರು ಇದು ನಮ್ಮ ಕಡೆಯ ಶಾಸ್ತ್ರ ಅಂದುಕೊಂಡು ಪಾಪ ಜೇಬು ತೋರಿಸಿ ಹೋದರು.

ಊಟ ಮುಗಿದ ಮೇಲೆ ಅಡುಗೆಯವನ ಚೀಲದಲ್ಲಿ ಗೋಡಂಬಿ ಸಿಕ್ಕಿತು. ನಮ್ಮ ಗೋಡಂಬಿ, ಸಣ್ಣ ಗಂಟಲ್ಲ. ಮಾವ ಅಡುಗೆಯವನ ರಟ್ಟೆ ಹಿಡಿದುಕೊಂಡು ಒಳಗೆ ಹೇಳಿಕಳಿಸಿದ. ಅಪ್ಪ ಗೇಟಿನವರೆಗೆ ಬಂದು, ಮಾವನ ಮುಖ ನೋಡದೆ, ಅಡುಗೆಯವನಿಗೆ ಕೈ ಮುಗಿದು ಹೇಳಿದ: "ಅವನು ಇಡ್ದಿದ್ ಮಾಲು ನಮ್ಗ್ ಬ್ಯಾಡ. ನೀವೇ ತಗೊಂಡೋಗಿ, ಮನೇಲಿ ಪಾಯ್ಸ ಮಾಡ್ಕಳಿ." ಅಡುಗೆಯವನು ಕಳ್ಳತನ ಮಾಡಿ ಕೈ ಮುಗಿಸಿಕೊಂಡು ಹೋದ ಮದುವೆ ನಮ್ಮದೊಂದೇ ಇರಬೇಕು.

ನನಗೆ ಮಾವನ ಮೇಲೆ ಸಿಟ್ಟಿಲ್ಲವೇ ಅಂತ ಕೇಳಬಹುದು. ಇಲ್ಲದೆ ಏನು! ಕುದಿಯುವಷ್ಟಿತ್ತು. ಆದರೆ ಬಾಗಿನ ಸಾಗಿಸಲು ಯಾರಾದರೂ ಅವನ ಜೊತೆ ಮಾತಿನಲ್ಲಿರಬೇಕಲ್ಲ. ನನ್ನದು ಆಂಡರ್ಸನ್‌ಪೇಟೆಯಲ್ಲಿ ಸಣ್ಣದೊಂದು ಮೊಬೈಲ್ ರಿಪೇರಿ ಅಂಗಡಿ. ಗಂಡನ ಮನೆ, ತವರು ಎರಡೂ ಬಂಗಾರಪೇಟೆಯ ಒಂದೇ ಬೀದಿಯಲ್ಲಿವೆ. ದಿನಾ ರೈಲಿನಲ್ಲಿ ಬಂದು ಹೋಗುತ್ತೇನೆ. ಮಾವನ ಮನೆ ಅಂಗಡಿಗೆ ಹತ್ತಿರ. ಮಧ್ಯಾಹ್ನ ಊಟ ಮುಗಿಸಿ ಬಂದು ಮೂಲೆಯ ಸ್ಟೂಲಿನ ಮೇಲೆ ಕೂರುತ್ತಾನೆ. ಗಿರಾಕಿಗಳು ಹೊರಡುವಾಗ ಅವರ ಜೇಬು ನೋಡಬಾರದು ಅನ್ನುವ ಕರಾರಿನ ಮೇಲೆ ಕೂರಿಸಿಕೊಂಡಿದ್ದೇನೆ.

ಒಂದು ದಿನ ಎದುರಿನ ಟೀ ಅಂಗಡಿಯಲ್ಲಿ ಆಟೋ ಡ್ರೈವರುಗಳು ಮೊಬೈಲಿನಲ್ಲಿ ಆಟ ಆಡುತ್ತಿದ್ದರು. ಅದೇ, ನೂರು ಜನ ವಿಮಾನದಿಂದ ಒಂದು ದ್ವೀಪಕ್ಕೆ ಧುಮುಕಿ, ಒಬ್ಬರನ್ನೊಬ್ಬರು ಗುಂಡಿಟ್ಟು ಕೊಂದು, ಕೊನೆಗೆ ಉಳಿದವನೇ ಗೆದ್ದ ಅನ್ನುವ ಆಟ. ಅವರಲ್ಲೊಬ್ಬ ಇದ್ದಕ್ಕಿದ್ದಂತೆ ಫೋನನ್ನು ಬೆಂಚಿಗೆ ಕುಕ್ಕಿ, "ಡೇಯ್! ಕಳ್ಳ ನನ್ಮಗ, ಗೋಡೆ ಆಚೆಯಿಂದ ಒಡ್ದ!" ಅಂತ ಕೂಗಿದ. ನಮ್ಮ ಮಾವ ಸ್ಟೂಲಿನಿಂದ ಎದ್ದು ನಿಂತ. ಗಣಿ ಮುಚ್ಚಿದ ಮೇಲೆ ಆ ಮುಖದಲ್ಲಿ ಅಂಥ ಕಳೆ ನಾನು ನೋಡಿಯೇ ಇರಲಿಲ್ಲ.

"ಕಳ್ರು ಅದ್ರೊಳಗೂ ಅವ್ರೇನಮ್ಮಾ?"

"ಬೇಕಾದಷ್ಟು. ಗೋಡೆ ಆಚೆ ಕಾಣೋ ಹಾಗೆ ಮಾಡ್ಕೊಳ್ತಾರೆ. ಗುರಿ ಇಡದೇನೇ ಗುಂಡು ತಾಗೋ ಹಾಗೆ ಮಾಡ್ಕೊಳ್ತಾರೆ. ಹಾರ್ತಾರೆ ಕೂಡ."

"ಚೆಕಿಂಗ್ ಯಾರ್ ಮಾಡ್ತಾರೆ?"

"ಯಾರೂ ಇಲ್ಲ ಮಾವ. ಕಂಪ್ಯೂಟರೇ ನೋಡ್ಕೊಳ್ತದೆ."

"ಬಗ್ಲಾಗೆ ಕೈ ಆಕಿ ನೋಡ್ತದಾ?"

"ಇಲ್ಲ."

"ಡಬ್ಬಿ ಮುಚ್ಚಳ?"

"ಡಬ್ಬೀನೇ ಇಲ್ಲ ಮಾವ!"

"ಮತ್ತೆ ಅದೆಂಥಾ ಚೆಕಿಂಗಮ್ಮಾ!" ಅಂದವನು ತನ್ನ ಫೋನು ನನ್ನ ಮುಂದಿಟ್ಟು, "ಆಕ್ಕೊಡು" ಅಂದ.

ಮರುದಿನದಿಂದ ಅವನ ಡ್ಯೂಟಿ ಶುರುವಾಯಿತು. ಡ್ಯೂಟಿ ಅಂದರೆ ಡ್ಯೂಟಿಯೇ! ಹಳೆಯ ಖಾಕಿ ಶರ್ಟು ಇಸ್ತ್ರಿ ಮಾಡಿ ಹಾಕಿಕೊಂಡು ಬಂದ. ಗಣಿಯ ಸೆಕೆಂಡ್ ಶಿಫ್ಟಿನ ಹೊತ್ತಿಗೆ, ಸರಿಯಾಗಿ ಮಧ್ಯಾಹ್ನ ಎರಡಕ್ಕೆ, ಆಟದ ಗುಂಡಿ ಒತ್ತುತ್ತಿದ್ದ. ಒಂದು ನಿಮಿಷ ಮುಂಚೆ ಇಲ್ಲ, ಒಂದು ನಿಮಿಷ ತಡ ಇಲ್ಲ. ಪಕ್ಕದ ಹೋಟೆಲಿನವನು ಮಾವ ಫೋನು ಕೈಗೆತ್ತಿಕೊಂಡದ್ದು ನೋಡಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ.

ಅವನು ಆಡುತ್ತಿದ್ದ ರೀತಿ ನೋಡಬೇಕಿತ್ತು. ದ್ವೀಪಕ್ಕಿಳಿದ ಎಲ್ಲರೂ ಬಂದೂಕು ಹುಡುಕಲು ಓಡಿದರೆ, ಇವನು ಎಲ್ಲಾದರೂ ಒಂದು ಬಾಗಿಲೋ ಸಂದಿಯೋ ಹುಡುಕಿ ಅದರ ಪಕ್ಕ ನಿಲ್ಲುತ್ತಿದ್ದ. ಆ ಆಟದಲ್ಲಿ ಗೊಂಬೆಗಳಿಗೆ ಚಪ್ಪಾಳೆ ತಟ್ಟಿಸಬಹುದು, ಕುಣಿಸಬಹುದು, ಕೈ ಎತ್ತಿಸಬಹುದು. ಅದಕ್ಕೆಲ್ಲ ಒಂದೊಂದು ಗುಂಡಿ. ಮಾವ ಕಲಿತದ್ದು ಒಂದೇ ಗುಂಡಿ. ಯಾರಾದರೂ ಎದುರಿಗೆ ಬಂದರೆ ಅವನ ಗೊಂಬೆ ಒಂದು ಕೈ ಎತ್ತಿ ತಡೆಯುತ್ತಿತ್ತು. ಬಂದವನು ಢಂ ಅಂತ ಹೊಡೆದು ಹೋಗುತ್ತಿದ್ದ.

"ಹೊಡೀಬೇಕು ಮಾವ! ಅದು ಯುದ್ಧ, ಗೇಟಲ್ಲ!" ಅಂತ ನಾನು ಬಡಿದುಕೊಳ್ಳುತ್ತಿದ್ದೆ.

"ಚೆಕ್ ಮಾಡ್ದೆ ಎಂಗಮ್ಮಾ ಒಡೆಯೋದು? ಒಳ್ಳೇನಾಗಿದ್ರೆ?"

ಸತ್ತ ಮೇಲೆಯೇ ಅವನ ನಿಜವಾದ ಕೆಲಸ. ಆ ಆಟದಲ್ಲಿ ಸತ್ತವನು ತನ್ನನ್ನು ಕೊಂದವನ ಹಿಂದೆ ದೆವ್ವದ ಹಾಗೆ ತಿರುಗಿ ಅವನ ಆಟ ನೋಡಬಹುದು. ಮಾವ ಕನ್ನಡಕ ಒರೆಸಿಕೊಂಡು ನೋಡುತ್ತಿದ್ದ. ಗೋಡೆಯ ಆಚೆ ಇರುವವನ ಕಡೆಗೆ ಬಂದೂಕು ತಿರುಗಿತೋ, "ಸಿಕ್ದ!" ಅಂತ ಕಿರುಚಿ ದೂರಿನ ಗುಂಡಿ ಒತ್ತುತ್ತಿದ್ದ. ತಕ್ಷಣ 'ನಿಮ್ಮ ದೂರಿಗೆ ಧನ್ಯವಾದಗಳು, ಕ್ರಮ ಕೈಗೊಳ್ಳುತ್ತೇವೆ' ಅಂತ ಬರುತ್ತಿತ್ತು. ಮೊದಮೊದಲು ಅದನ್ನು ಓದಿಸಿಕೊಂಡು ಸೆಟೆದು ಕೂರುತ್ತಿದ್ದ. "ಇಲ್ಲಿನ ಆಪೀಸರು ಬಲೇ ಮರ್ಯಾದಸ್ತ ಕಣಮ್ಮಾ. ದಿನಾ ಥ್ಯಾಂಕ್ಸ್ ಏಳ್ತಾನೆ." ಅದು ಮನುಷ್ಯನಲ್ಲ, ಯಾರು ಒತ್ತಿದರೂ ಅದೇ ಮಾತು ಬರುತ್ತದೆ ಅಂತ ಹೇಳಲು ನನಗೇ ಬಾಯಿ ಬರಲಿಲ್ಲ.

ಕ್ರಮ ಕೈಗೊಂಡಿದ್ದನ್ನೂ ನೋಡಿದೆವು. 'ಗರುಡ' ಅನ್ನುವ ಹೆಸರಿನವನೊಬ್ಬ ನೆಲ ಮುಟ್ಟದೆ ಹಾರಾಡಿಕೊಂಡು ಎಲ್ಲರನ್ನೂ ಕೊಲ್ಲುತ್ತಿದ್ದ. ಮಾವ ದೂರು ಕೊಟ್ಟ, ಕೊಟ್ಟ, ಕೊಡುತ್ತಲೇ ಹೋದ. ಕೊನೆಗೂ ಒಂದು ದಿನ ಗರುಡನನ್ನು ಹೊರಗೆ ಹಾಕಿದ್ದೇವೆ ಅಂತ ಸಂದೇಶ ಬಂತು. ಮಾವ ಟೀ ಅಂಗಡಿಯಲ್ಲಿದ್ದವರಿಗೆಲ್ಲ ಬನ್ನು ಕೊಡಿಸಿದ. ಅವರು ಬನ್ನು ತಿಂದು ಮುಗಿಸುವುದರೊಳಗೆ 'ಗರುಡ ಟೂ' ಹಾರಿಕೊಂಡು ಬಂದ!

ಮಾವನಿಗೆ ತಡೆಯಲಾಗಲಿಲ್ಲ. "ಇದ್ಯಾವ ನ್ಯಾಯ? ಡಿಸ್ಮಿಸ್ ಆದೋನು ಮೀಸೆ ಬೋಳಿಸ್ಕೊಂಡ್ ಬಂದ್ರೆ ನಾವು ಗೇಟ್ನಾಗೆ ಬಿಡ್ತಿದ್ವೇನಮ್ಮಾ?"

"ಇಲ್ಲ ಮಾವ. ನಮ್ಮಪ್ಪನ್ನ ಬಿಡ್ಲಿಲ್ವಲ್ಲ" ಅಂದೆ. ಬಾಯಿಂದ ಬಂದುಬಿಟ್ಟಿತು. ಮಾವ ಆರಿದ ಟೀಯನ್ನು ಊದಿ ಊದಿ ಕುಡಿದ.

ನಿಜ ಹೇಳಬೇಕೆಂದರೆ ಆ ಆಟದ ಕಂಪನಿಯವರನ್ನು ನಾನೂ ದಿನಾ ಶಪಿಸುತ್ತೇನೆ. ಹಾರುವವನೂ ಆಟದೊಳಗೆ ದುಡ್ಡು ಕೊಟ್ಟು ಬಣ್ಣದ ಅಂಗಿ ಕೊಳ್ಳುತ್ತಾನೆ, ನಡೆಯುವವನೂ ಕೊಳ್ಳುತ್ತಾನೆ. ಕಳ್ಳನೂ ಗಿರಾಕಿಯೇ ಆದಮೇಲೆ ಅವನ ಜೇಬು ತಡವುವವರು ಯಾರು? ಲೋಕವೇ ಹೀಗೆ ನಡೆಯುತ್ತಿರುವಾಗ ಬರೀ ಒಂದು ಆಟಕ್ಕೆ ಬೈದು ಏನು ಬಂತು! ಹುಣಸೆಬೀಜದಷ್ಟು ಕಲ್ಲಿಗೆ ಒಂದು ಸಂಸಾರ ಬೀದಿಗೆ ಬಿತ್ತು. ಆಕಾಶದಲ್ಲಿ ಹಾರಿಕೊಂಡು ಕದಿಯುವವನಿಗೆ ಹೊಸ ಹೆಸರು ಸಿಗುತ್ತದೆ. ಮಾವ ಮಾತ್ರ ಇದನ್ನು ಒಪ್ಪಲೇ ಇಲ್ಲ. ಮರುದಿನ ಎರಡು ಗಂಟೆಗೆ ಸರಿಯಾಗಿ ಮತ್ತೆ ಕೈ ಎತ್ತಿಕೊಂಡು ನಿಂತ.

ಇದನ್ನೆಲ್ಲ ನಾನು ಒಂದು ದಿನ ತವರಿನಲ್ಲಿ ಊಟಕ್ಕೆ ಕೂತಾಗ ಅಮ್ಮನಿಗೆ ಹೇಳಿ ನಗಿಸುತ್ತಿದ್ದೆ. ಅಪ್ಪ ಕೇಳಿಸಿಕೊಳ್ಳದವನ ಹಾಗೆ ಮುದ್ದೆ ಮುರಿಯುತ್ತಿದ್ದ. ಸ್ವಲ್ಪ ಹೊತ್ತಾದ ಮೇಲೆ ಕೇಳಿದ, "ಅದ್ರಾಗೆ ಗುಂಡು ಒಡೀಬೋದಾ?"

"ಹೊಡೀಬೋದಪ್ಪ."

"ನಾನ್ ಒಡುದ್ರೆ ಅವ್ನಿಗ್ ತಾಗ್ತದಾ?"

ಅಮ್ಮ ಸಾರಿನ ಸೌಟು ಹಿಡಿದುಕೊಂಡೇ ನಿಂತಳು. "ನೋಡೇ, ಈ ವಯಸ್ನಾಗೆ ನನ್ ತಮ್ಮನ್ನ ಸಾಯ್ಸಕ್ಕೆ ಫೋನ್ ಕಲೀತಾರಂತೆ ನಿಮ್ಮಪ್ಪ!" ಅಂದಳು. ನಕ್ಕಳೋ ಅತ್ತಳೋ ನನಗೆ ಗೊತ್ತಾಗಲಿಲ್ಲ.

ಕಲಿತೇಬಿಟ್ಟ! ಅಲ್ಲಿಯವರೆಗೆ ಮೊಬೈಲಿನಲ್ಲಿ ಹಸಿರು ಗುಂಡಿ, ಕೆಂಪು ಗುಂಡಿ ಬಿಟ್ಟು ಮೂರನೆಯದನ್ನು ಮುಟ್ಟದ ಮನುಷ್ಯ. ನನ್ನ ಹಳೆಯ ಫೋನು ಇಸಿದುಕೊಂಡು, ಜಗಲಿಯ ಮೇಲೆ ಕೂತು, ನಾಲಿಗೆ ಕಚ್ಚಿಕೊಂಡು ಅಭ್ಯಾಸ ಮಾಡಿದ. ನೂರು ಜನರಲ್ಲಿ ಮಾವ ಎಲ್ಲಿ ಸಿಗುತ್ತಾನೆ ಅಂತ ನಾನು ನಕ್ಕರೆ, "ಎರಡ್ ಗಂಟೆ ಶಿಫ್ಟಲ್ವಾ? ನಾನೂ ಎರಡಕ್ಕೇ ಇಳೀತೀನಿ. ಒಂದಿನ ಒಂದೇ ಇಮಾನಕ್ಕೆ ಬೀಳ್ತೀವಿ" ಅಂದ. ಅವನ ಲೆಕ್ಕ ತಪ್ಪೇನಲ್ಲ. ಇಬ್ಬರೂ ಒಂದು ಆಟವನ್ನೂ ಗೆಲ್ಲದವರು. ಸೋತವರನ್ನೆಲ್ಲ ಆ ಆಟ ಒಟ್ಟೊಟ್ಟಿಗೇ ಇಳಿಸುತ್ತದೆ.

ಆದರೆ ದಿನಾ ಇಳಿದರೂ ಮಾವ ಸಿಗಲಿಲ್ಲ. ಒಂದು ದಿನ ಅಪ್ಪ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ, "ಆ ಗೋಡೆ ಆಚೆ ಕಾಣೋದು ಐತಲ್ಲ, ಅದ್ನ ಆಕ್ಕೊಡ್ತೀಯಾ?"

"ಅಪ್ಪಾ! ಅದು ಕಳ್ಳತನ!" ಅಂದೆ.

ಅಂದ ಮೇಲೆ ನಾಲಿಗೆ ಸುಟ್ಟ ಹಾಗಾಯಿತು. ನಮ್ಮ ಮನೆಯಲ್ಲಿ ಅಷ್ಟು ವರ್ಷದಿಂದ ಯಾರೂ ಆಡದ ಮಾತು ಅದು. ಅಪ್ಪ ಸಿಟ್ಟಾಗಲಿಲ್ಲ. "ಅನ್ನುಸ್ಕೊಂಡ್ ಆಗೈತಲ್ಲಮ್ಮಾ. ಅನ್ನುಸ್ಕೊಂಡ್ ಮ್ಯಾಲೆ ಮಾಡುದ್ರೇನು?" ಅಂದು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಬಂಗಾರಪೇಟೆ ಸ್ಟೇಷನ್ನಿನ ಹತ್ತಿರ ಅದನ್ನು ಹಾಕಿಕೊಡುವ ಪುಣ್ಯಾತ್ಮರಿಗೆ ಬರವೇ? ಸಂಜೆಯೊಳಗೆ ನಮ್ಮಪ್ಪನಿಗೆ ಗೋಡೆಗಳೆಲ್ಲ ಗಾಜಾದವು. ಆಮೇಲೆ ಎಷ್ಟು ದಿನ ಆಡಿದರೂ ಆಟದ ಕಾವಲಿನ ಕಂಪ್ಯೂಟರು ಅವನನ್ನು ಒಂದು ಮಾತೂ ಕೇಳಲಿಲ್ಲ.

ಮೊನ್ನೆ ಒಂದು ಬೆಳಿಗ್ಗೆ ನಾನು ಅಂಗಡಿಯ ಶಟರು ಎತ್ತುವಾಗಲೇ ಮಾವ ಮೆಟ್ಟಿಲ ಮೇಲೆ ಕೂತಿದ್ದ. ಬೆಳಿಗ್ಗೆ ಅವನು ಯಾವತ್ತೂ ಬಂದವನಲ್ಲ. ಖಾಕಿ ಶರ್ಟಿಲ್ಲ, ಗಡ್ಡ ಮಾಡಿಕೊಂಡಿಲ್ಲ. ಫೋನು ಚಾಚಿದ. ಪರದೆಯ ತುಂಬ ಕೆಂಪು ಅಕ್ಷರ. ನಾನು ಕನ್ನಡ ಮಾಡಿ ಓದಿದೆ: ಒಬ್ಬೊಬ್ಬರೇ ಆಡಬೇಕಾದ ಆಟದಲ್ಲಿ ಎದುರಾಳಿಯ ಜೊತೆ ಕೈ ಜೋಡಿಸಿ ಮೋಸ ಮಾಡಿದ್ದೀರಿ, ನಿಮ್ಮನ್ನು ಶಾಶ್ವತವಾಗಿ ಹೊರಗೆ ಹಾಕಲಾಗಿದೆ.

"ಮೋಸ ಅಂತ ಬರ್ದವ್ರಾ? ನನ್ನ?" ಅಂದ.

ನನಗೆ ನಗು ಬರಬೇಕಿತ್ತು. ಅಷ್ಟು ವರ್ಷ ಕಾದಿದ್ದ ಸೇಡು ತಾನಾಗಿ ಬಂದು ಕೈಗೆ ಸಿಕ್ಕಿತ್ತು. ಆದರೆ ಆ ಮುಖ ನೋಡಿದವಳೇ ಅವನನ್ನು ಒಳಗೆ ಕೂರಿಸಿ, ಏನಾಯಿತು ಹೇಳು ಅಂದೆ.

"ನಿನ್ನೆ ಒಂದು ಮುರ್ದೋಗಿರೋ ಗೋಡೆ ಇಂದೆ ನಿಂತಿದ್ದೆ. ಒಬ್ಬ ನೆಟ್ಗೆ ನನ್ತಾವ್ಕೇ ಬಂದ. ಗನ್ನು ಎದೆಗ್ ಇಡ್ದಿದ್ದ. ನಾನು ಕೈ ತೋರ್ಸ್ದೆ. ಒಡೀತಾನೆ ಅಂದ್ಕಂಡೆ. ಒಡೀಲಿಲ್ಲ ಕಣಮ್ಮಾ! ಗನ್ನು ಕೆಳಕ್ ಆಕ್ದ. ಎರಡೂ ಕೈ ಎತ್ದ. ಎತ್ತಿ, ನಿಧಾನಕ್ ಒಂದು ಸುತ್ತು ತಿರುಗ್ದ." ಮಾವ ತನ್ನ ಎರಡೂ ಕೈ ಎತ್ತಿ ತೋರಿಸಿದ. "ನಮ್ ಗೇಟ್ನಾಗೆ ತಿರುಗ್ತಿದ್ರಲ್ಲ, ಅಂಗೇ. ಯಾರೋ ನಮ್ ಗಣಿಯೋನು. ಇನ್ನೂ ಬದ್ಕವ್ನೆ. ನನ್ ಕೈ ನೋಡಿ ಕೈ ಎತ್ತೋನು ಇನ್ನೂ ಒಬ್ಬ ಅವ್ನೆ!"

ನಾನು ಅವನ ಹತ್ತಿರಕ್ಕೆ ಸರಿದೆ. "ಆಮೇಲೆ?"

"ಆಮೇಲೇನು? ಇಬ್ರೂ ನಿಂತ್ಕಂಡ್ವಿ. ಅವ್ನೂ ಓಗ್ಲಿಲ್ಲ, ನಾನೂ ಓಗು ಅನ್ಲಿಲ್ಲ. ನಾನ್ ಕೂತ್ಕಂಡೆ, ಅವ್ನೂ ಪಕ್ದಾಗೆ ಕೂತ್ಕಂಡ. ಬಾಳ ಒತ್ತು ಕೂತಿದ್ವಿ. ಆ ಗರುಡ ನನ್ಮಗ ಮ್ಯಾಲಿಂದ ಆರ್ಕಂಡ್ ಬಂದು ಇಬ್ರುನ್ನೂ ಒಡ್ದಾಕ್ದ."

ದೂರು ಕೊಟ್ಟವನೂ ಆ ಗರುಡನೇ ಇರಬೇಕು! ಹಾರಿಕೊಂಡು ಬಂದು ಕೊಂದವನು ಆಟದಲ್ಲಿ ಉಳಿದ. ಗುಂಡು ಹಾರಿಸದೆ ಪಕ್ಕಪಕ್ಕ ಕೂತವರು ಮೋಸಗಾರರಾದರು. ಆ ಕಂಪ್ಯೂಟರಿಗೆ ಅಷ್ಟು ದಿನದಲ್ಲಿ ಕಣ್ಣಿಗೆ ಬಿದ್ದ ಅಪರಾಧ ಅದೊಂದೇ.

ಆ ಕೆಂಪು ಅಕ್ಷರಗಳನ್ನು ನಾನು ಇನ್ನೊಂದು ಸಲ ಓದುತ್ತಿರುವಾಗ ಮೆಟ್ಟಿಲಲ್ಲಿ ಕೆಮ್ಮಿದ ಸದ್ದಾಯಿತು. ನಮ್ಮಪ್ಪ! ಮಾವ ಎರಡಕ್ಕಲ್ಲವೇ ಬರುವುದು ಅನ್ನುವ ಧೈರ್ಯದ ಮೇಲೆ ಬೆಳಿಗ್ಗೆಯ ರೈಲಿಗೇ ಬಂದಿದ್ದ. ಕಣ್ಣು ಕಿರಿದು ಮಾಡಿಕೊಂಡು ಫೋನು ಚಾಚುತ್ತ, "ಇದೇನೋ ಕೆಂಪ್ಗೆ ಬಂದೈತೆ ನೋಡಮ್ಮಾ, ಎಷ್ಟ್ ಒತ್ತಿದ್ರೂ ಓಗ್ತಾ ಇಲ್ಲ" ಅಂದವನು, ಸ್ಟೂಲಿನ ಮೇಲಿದ್ದವನನ್ನು ನೋಡಿ ಅಲ್ಲೇ ನಿಂತ.

ನಾನು ಎರಡೂ ಫೋನುಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟೆ. ಎರಡರಲ್ಲೂ ಅದೇ ಮಾತು. ಮಾವ ನೋಡಿದ. ಇನ್ನೊಂದು ಸಲ ನೋಡಿದ. ಎದ್ದು ನಿಂತ.

"ನೀನಾ?"

"ಒಡೀಬೇಕು ಅಂತಾನೇ ಬಂದಿದ್ದೆ ಕಣ್ಲಾ" ಅಂದ ಅಪ್ಪ. ಅಷ್ಟು ವರ್ಷಗಳಲ್ಲಿ ಅವನಿಗೆ ಆಡಿದ ಮೊದಲ ಮಾತು. "ಎಲ್ರೂ ಓಡ್ತಿದ್ರೆ ನೀನೊಬ್ನೇ ಕಾವಲು ನಿಂತಿದ್ದು ಗೋಡೆ ಆಚೆಯಿಂದ್ಲೇ ಕಾಣ್ತಿತ್ತು. ಅಲ್ಲಿಂದ್ಲೇ ಮುಗುಸ್ಬೋದಿತ್ತು. ಎದ್ರಿಗೆ ನಿಂತು ಒಡೀಬೇಕು ಅಂತ ಬಂದೆ. ನೀನು ಕೈ ಎತ್ಬಿಟ್ಟೆ. ನನ್ ಕೈನೂ ಮ್ಯಾಕೋಯ್ತು ನೋಡು, ಜಗ್ಲಿ ಮ್ಯಾಲೆ, ಫೋನ್ ಇಡ್ಕಂಡೇ! ಆಮ್ಯಾಲೆ ಬೊಂಬೆ ಕೈನೂ ಎತ್ತಿದ್ದು."

ಅಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡ. ಆಮೇಲೆ, ಇಷ್ಟು ವರ್ಷ ನಾನು ಗಂಟಲು ಹರಿದುಕೊಂಡಿದ್ದು ಯಾವ ಮಾತಿಗಾಗಿಯೋ ಆ ಮಾತನ್ನು ಒಂದೇ ಏಟಿಗೆ ಕಿತ್ತು ಬಿಸಾಕಿದ.

"ಆ ಕಲ್ಲು ನಾನೇ ಇಟ್ಕಂಡಿದ್ದು ಕಣ್ಲಾ."

ನಾನು ಮಾವನ ಕಡೆ ತಿರುಗಿದೆ. ಅವನ ಮುಖದಲ್ಲಿ ಗೆಲುವಿರಲಿಲ್ಲ. ತಲೆ ತಗ್ಗಿಸಿದ್ದ.

"ಗೊತ್ತು ಬಾವ. ಅದಕ್ ಮುಂಚೆ ಇಟ್ಕಂಡಿದ್ದೂ ಗೊತ್ತು."

"ಏನಂದೆ?"

"ಎಷ್ಟೋ ಸಲ ಕೈಗ್ ಸಿಕ್ಕಿತ್ತು. ಅಕ್ಕನ್ ಮುಖ ನೆಪ್ಪಿಗ್ ಬರ್ತಿತ್ತು, ಓಗು ಅಂದ್ಬಿಡ್ತಿದ್ದೆ. ಅವತ್ತು ಪಕ್ದಾಗೆ ಆಪೀಸರ್ ಸಾಯೇಬ್ರು ನಿಂತಿದ್ರು. ಮುಚ್ಚಳ ತೆಗ್ದಿದ್ದು ಅವ್ರೂ ನೋಡುದ್ರು. ಅವ್ರ್ ಕೂಗೋಕ್ ಮುಂಚೆ ನಾನ್ ಕೂಗ್ಬಿಟ್ಟೆ. ಇಲ್ದಿದ್ರೆ ಇಬ್ರೂ ಓಗ್ತಿದ್ವಿ." ಮಾವ ಮುಖ ಮುಚ್ಚಿಕೊಂಡ. "ನಿನ್ನ ಕಳುಸಿ ನಾನ್ ಉಳ್ಕಂಡೆ ಬಾವ. ಸಾಚಾ ಅಂತ ಅನ್ನುಸ್ಕಂಡ್ ತಿರುಗ್ದೆ."

ಅಪ್ಪ ಒಂದು ಹೆಜ್ಜೆ ಮುಂದೆ ಬಂದ. ನಾನು ಹೊಡೆದಾಟವೇ ಆಗುತ್ತದೆ ಅಂದುಕೊಂಡೆ. ಅಪ್ಪ ಕೇಳಿದ್ದೇ ಬೇರೆ.

"ಅಂಗಾದ್ರೆ ನಾನು ಬಚ್ಚಿಡ್ತಿದ್ದಿದ್ದು ನಿಂಗೆ ಕಾಣ್ತಿತ್ತಾ?"

"ಕುರುಡಂಗೂ ಕಾಣ್ತಿತ್ತು ಬಾವ. ಡಬ್ಬಿ ಕೊಡೋವಾಗ ನಿನ್ ಕೈ ಗಡಗಡ ಅಂತಿತ್ತು."

ಅಪ್ಪನ ಗಂಟಲಿನಿಂದ ಒಂದು ಸದ್ದು ಬಂತು. ಮೊದಲು ನಗುವೇ ಇತ್ತು. ಆಮೇಲೆ ಪಂಚೆಯ ತುದಿಯಿಂದ ಕಣ್ಣು ಒತ್ತಿಕೊಂಡ. ಇಬ್ಬರ ಮೇಲೂ ನನಗೆ ಬಂದ ಸಿಟ್ಟನ್ನು ಯಾವ ಅಳತೆಯಲ್ಲಿ ಹೇಳಲಿ! ಒಬ್ಬ ಕದ್ದು ಇಲ್ಲ ಅಂದ. ಇನ್ನೊಬ್ಬ ಎಷ್ಟೋ ಸಲ ಬಿಟ್ಟು, ಒಂದು ಸಲ ಹಿಡಿದು ಸಾಚಾ ಅನ್ನಿಸಿಕೊಂಡ. ಇವರಿಬ್ಬರ ನಡುವೆ ನನ್ನಮ್ಮ ಬಾಗಿಲು ನೋಡುತ್ತ ಮುದುಕಿಯಾದಳು. ಬಾಯಿಗೆ ಬಂದಷ್ಟು ಬೈಯಬೇಕು ಅಂತ ಬಾಯಿ ತೆರೆದೆ. ಅಳು ಬಂತು.

ಅಪ್ಪ ಕೈ ಚಾಚಿ ಮಾವನ ರಟ್ಟೆ ಹಿಡಿದ. "ನಡೀಲಾ, ಮನೆಗೋಗಾಣ. ನಿಮ್ಮಕ್ಕ ಉಪ್ಸಾರು ಮಾಡವ್ಳೆ."

ಮಾವ ಅಭ್ಯಾಸದಂತೆ ಫೋನಿಗೆ ಕೈ ಚಾಚಿದ. "ಅಲ್ಲ, ಎರಡ್ ಗಂಟೆಗೆ ಶಿಫ್ಟು..."

"ಯಾವ್ ಶಿಫ್ಟ್ಲಾ? ಈ ಸಲ ಇಬ್ರೂ ಡಿಸ್ಮಿಸ್ಸು!"

ಇಬ್ಬರೂ ಮೆಟ್ಟಿಲಿಳಿದು ಮಾರಿಕುಪ್ಪಂ ಸ್ಟೇಷನ್ನಿನ ಕಡೆ ಹೋದರು. ಅಪ್ಪ ಹಿಡಿದ ರಟ್ಟೆ ಬಿಟ್ಟಿರಲಿಲ್ಲ. ನಾನು ಮೂಗು ಒರೆಸಿಕೊಂಡು ಅಮ್ಮನಿಗೆ ಫೋನು ಮಾಡಿದೆ.

"ನಿಮ್ಮಪ್ಪ ಊಟಕ್ ಬರ್ತಾರಂತಾ?" ಅಂದಳು.

"ಬರ್ತಾನಮ್ಮಾ. ನಿನ್ನ ತಮ್ಮನೂ ಬರ್ತಿದ್ದಾನೆ."

ಅಮ್ಮ ಫೋನು ಇಡಲಿಲ್ಲ. ಹೆಜ್ಜೆಯ ಸದ್ದು ಕೇಳಿಸಿತು, ಆಮೇಲೆ ಬಾಗಿಲಿನ ಚಿಲಕ ತೆಗೆದು ಎರಡೂ ಕದ ಅಗಲಕ್ಕೆ ತಳ್ಳಿದ ಸದ್ದು. ಇತ್ತ ರೈಲು ಇನ್ನೂ ಮಾರಿಕುಪ್ಪಂ ಬಿಟ್ಟೇ ಇರಲಿಲ್ಲ.